ಹೆಚ್ಚು ಕೇಳುವ ಗುಂಪಿಗೇ ಜನ ಹೆಚ್ಚು ಅಂಟಿಕೊಳ್ಳುವುದು ಯಾಕೆ?

ಹೊಸಿಲು:

ಎಲ್ಲರಿಗೂ ನಮಸ್ಕಾರ. ಗುಂಪು, ಸಂಸ್ಥೆಗಳ ವಿಚಾರ ಚೆನ್ನಾಗಿ ಬಲ್ಲವರು ಇಲ್ಲಿದ್ದೀರಿ ಅನ್ನೋ ಧೈರ್ಯದ ಮೇಲೆ ಕೇಳ್ತಿದ್ದೇನೆ.

ಬಂದರೆ ಬನ್ನಿ, ಇಲ್ಲದಿದ್ದರೆ ಬಿಡಿ ಅನ್ನುವ ಸಂಘಗಳು ವರ್ಷ ತುಂಬುವುದರೊಳಗೆ ಸೊರಗಿ ಹೋಗುತ್ತವೆ. ನಸುಕಿಗೇ ಎಬ್ಬಿಸುವ, ತಲೆ ಬೋಳಿಸುವ, ಫೋನ್ ಇಸಿದುಕೊಳ್ಳುವ, ಮನೆಗೆ ಹೋಗಬೇಕಾದರೂ ಅಪ್ಪಣೆ ಕೇಳಬೇಕಾದ ಕಡೆ ಮಾತ್ರ ಜನ ಸಾಲು ನಿಲ್ಲುತ್ತಾರೆ. ಸೈನ್ಯ ಇರಬಹುದು, ಆಶ್ರಮ ಇರಬಹುದು, ಪೂರ್ಣಾವಧಿ ಕಾರ್ಯಕರ್ತರನ್ನು ಇಟ್ಟುಕೊಂಡ ಪಕ್ಷ ಇರಬಹುದು, ಹಗಲುರಾತ್ರಿ ದುಡಿಸುವ ಕಂಪನಿ ಇರಬಹುದು. ಕೊಡುವುದು ಜಾಸ್ತಿ, ಕೈಗೆ ಸಿಗುವುದು ಕಮ್ಮಿ. ಆದರೂ "ಇದು ನಮ್ಮದು" ಅನ್ನುವ ಮಾತು ಅಲ್ಲೇ ಹೆಚ್ಚು ಕೇಳಿಸುತ್ತೆ.

ಯಾಕೆ ಹೀಗೆ? ಮತ್ತೆ, ತುಂಬ ಕೇಳುವ ಗುಂಪುಗಳಲ್ಲಿ ಮನುಷ್ಯನನ್ನು ಬೆಳೆಸುವುದು ಯಾವುದು, ನುಂಗುವುದು ಯಾವುದು ಅಂತ ಹೊರಗಿನಿಂದಲೇ ಗುರುತಿಸೋಕೆ ಆಗುತ್ತಾ? "ಒಂಟಿ ಜನ ಸೇರ್ತಾರೆ", "ಬ್ರೈನ್‌ವಾಶ್ ಮಾಡ್ತಾರೆ" ಅನ್ನುವ ಒಂದು ಸಾಲಿನ ಉತ್ತರ ಬಿಟ್ಟು ಬಿಡಿಸಿ ಹೇಳಿದರೆ ಉಪಕಾರವಾಗುತ್ತೆ.

ಅಳತೆಗೋಲು:

ಮೊದಲು ಆ ಹಸಿವಿನ ಬಗ್ಗೆ. 1995ರಲ್ಲಿ ಬೌಮೈಸ್ಟರ್ ಮತ್ತು ಲಿಯರಿ ಎಂಬ ಮನಶ್ಶಾಸ್ತ್ರಜ್ಞರು ಆವರೆಗಿನ ಸಂಶೋಧನೆಯನ್ನೆಲ್ಲ ಜರಡಿ ಹಿಡಿದು, ಸೇರಿಕೊಂಡಿರುವ ಆಸೆ ಹಸಿವು ನೀರಡಿಕೆಯಷ್ಟೇ ಮೂಲಭೂತವಾದದ್ದು ಎಂದು ವಾದಿಸಿದರು. ಅವರ ಪ್ರಕಾರ ಅದು ತೀರಬೇಕಾದರೆ ಎರಡು ಬೇಕು. ಒಂದು, ಅದೇ ಕೆಲವರ ಜೊತೆ ಮತ್ತೆ ಮತ್ತೆ ಹಿತವಾದ ಒಡನಾಟ. ಇನ್ನೊಂದು, ಈ ಸಂಬಂಧ ನಾಳೆಯೂ ಇರುತ್ತೆ, ನನ್ನ ಬಗ್ಗೆ ಇವರಿಗೆ ಕಾಳಜಿ ಇದೆ ಅನ್ನುವ ನಂಬಿಕೆ. ದಿನಕ್ಕೆ ನೂರು ಜನರ ಜೊತೆ ನಗುನಗುತ್ತಾ ಮಾತಾಡುವವರಿಗೂ ಎರಡನೆಯದು ಇಲ್ಲದಿದ್ದರೆ ಹೊಟ್ಟೆ ತುಂಬುವುದಿಲ್ಲ. ದೂರದಲ್ಲಿರುವ ಆಪ್ತರಿದ್ದೂ ಮೊದಲನೆಯದು ಇಲ್ಲದಿದ್ದರೂ ಅಷ್ಟೆ. ಸಡಿಲ ಸಂಘಗಳು ಮೊದಲನೆಯದನ್ನು ಸ್ವಲ್ಪ ಕೊಡುತ್ತವೆ, ಎರಡನೆಯದನ್ನು ಕೊಡುವುದು ಅವುಗಳಿಗೆ ಬಹಳ ಕಷ್ಟ.

ಈ ಹಸಿವು ಎಷ್ಟು ಸೂಕ್ಷ್ಮ ಅಂತ ತೋರಿಸಲು ಕಿಪ್ಲಿಂಗ್ ವಿಲಿಯಮ್ಸ್ ಅವರ ಕಂಪ್ಯೂಟರ್ ಚೆಂಡಾಟ ಸಾಕು. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ. ಇಬ್ಬರು ಅಸಲಿಗೆ ಪ್ರೋಗ್ರಾಂ. ಮೊದಲು ಒಂದೆರಡು ಸಲ ನಿಮಗೂ ಚೆಂಡು ಬರುತ್ತೆ, ಆಮೇಲೆ ಬರುವುದೇ ಇಲ್ಲ. ಇಷ್ಟಕ್ಕೇ ಜನರಿಗೆ ತಮ್ಮ ಬಗೆಗಿನ ಗೌರವ, ಪರಿಸ್ಥಿತಿ ನನ್ನ ಹಿಡಿತದಲ್ಲಿದೆ ಅನ್ನುವ ಭಾವನೆ ಎರಡೂ ಕುಸಿಯುತ್ತವೆ. ಎದುರಿಗಿರುವುದು ಬರೀ ಕಂಪ್ಯೂಟರ್ ಅಂತ ಮೊದಲೇ ಹೇಳಿ ಆಡಿಸಿದಾಗಲೂ (2004ರ ಪ್ರಯೋಗ) ಹಾಗೇ ಆಯಿತು.

ಇನ್ನು "ಹೆಚ್ಚು ಕೇಳುವುದೇ ಯಾಕೆ" ಅನ್ನುವುದು. ಇಲ್ಲಿ ಮೂರು ಬೇರೆ ಬೇರೆ ಕಾರಣಗಳು ಒಟ್ಟಿಗೆ ಹೆಣೆದುಕೊಂಡಿವೆ. ಜನ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ.

ಮೊದಲನೆಯದು ಸಮರ್ಥನೆ. 1959ರಲ್ಲಿ ಆರನ್ಸನ್ ಮತ್ತು ಮಿಲ್ಸ್ 63 ಕಾಲೇಜು ವಿದ್ಯಾರ್ಥಿನಿಯರನ್ನು ಮೂರು ಪಾಲು ಮಾಡಿದರು. ಒಂದು ಪಾಲಿನವರು ಚರ್ಚಾಗುಂಪಿಗೆ ಸೇರಬೇಕಾದರೆ 12 ಅಶ್ಲೀಲ ಪದಗಳನ್ನೂ ಎರಡು ಕಾಮಪ್ರಸಂಗಗಳನ್ನೂ ಗಂಡಸೊಬ್ಬನ ಮುಂದೆ ಗಟ್ಟಿಯಾಗಿ ಓದಬೇಕು. ಇನ್ನೊಂದು ಪಾಲಿಗೆ ಸೌಮ್ಯವಾದ ಪದಗಳು. ಮೂರನೆಯವರಿಗೆ ಏನೂ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಪ್ರಾಣಿಗಳ ಲೈಂಗಿಕ ನಡವಳಿಕೆ ಕುರಿತ, ಬೇಕೆಂದೇ ಸಪ್ಪೆಯಾಗಿ ಮಾಡಿದ ಒಂದೇ ಚರ್ಚೆ. ಹೆಚ್ಚು ಮುಜುಗರ ಪಟ್ಟವರಿಗೆ ಆ ಚರ್ಚೆಯೂ ಅದನ್ನು ನಡೆಸಿದವರೂ ಹೆಚ್ಚು ಇಷ್ಟವಾದರು. "ಇಷ್ಟು ಕಷ್ಟಪಟ್ಟಿದ್ದೇನೆ, ಅಂದರೆ ಇದರಲ್ಲಿ ಏನೋ ಇರಲೇಬೇಕು" ಅಂತ ಮನಸ್ಸು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತೆ.

ಎರಡನೆಯದು ಸೋಸುವಿಕೆ. ಇದನ್ನು 1990ರ ದಶಕದ ಮೊದಲಲ್ಲಿ ಅರ್ಥಶಾಸ್ತ್ರಜ್ಞ ಲಾರೆನ್ಸ್ ಐಯನಾಕೋನ್ ಕಟ್ಟುನಿಟ್ಟಿನ ಚರ್ಚುಗಳ ವಿಷಯದಲ್ಲಿ ಚೆನ್ನಾಗಿ ಬಿಡಿಸಿಟ್ಟರು. 30 ಜನರ ಒಂದು ಗಾಯನ ತಂಡ ಅಂದುಕೊಳ್ಳಿ. ಹತ್ತು ಜನ ಅಭ್ಯಾಸ ಮಾಡದೆ ಬಂದರೆ ಉಳಿದ 20 ಜನರ ಹಾಡೂ ಕೆಡುತ್ತೆ. ತಯಾರಾಗಿ ಬಂದವರಿಗೆ "ನಾನೊಬ್ಬ ಯಾಕೆ ಒದ್ದಾಡಬೇಕು" ಅನ್ನಿಸುತ್ತೆ, ಅವರೂ ಕೈಬಿಡುತ್ತಾರೆ. ಆಮೇಲೆ ಉಳಿಯುವುದು ಉತ್ಸಾಹವಿಲ್ಲದವರು ಮಾತ್ರ. ಈಗ ವಾರಕ್ಕೆ ಮೂರು ಸಂಜೆ ಕಡ್ಡಾಯ ಅಂತ ಮಾಡಿ. ಅರೆಮನಸ್ಸಿನವರು ಬಾಗಿಲಲ್ಲೇ ನಿಲ್ಲುತ್ತಾರೆ. ಒಳಗಿರುವ ಪ್ರತಿಯೊಬ್ಬರಿಗೂ ಪಕ್ಕದವರು ಪೂರ್ತಿ ಮನಸ್ಸಿಟ್ಟು ಹಾಡುತ್ತಾರೆಂಬುದು ಖಾತ್ರಿ. ನಿಯಮದ ಕಷ್ಟ ಎಲ್ಲರ ಮೇಲೂ ಬೀಳುತ್ತೆ, ಆದರೆ ಸಿಗುವ ಹಾಡು ಸಡಿಲ ತಂಡದಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹಾಗಾಗಿ "ಕೊಡುವುದು ಜಾಸ್ತಿ, ಸಿಗುವುದು ಕಮ್ಮಿ" ಅನ್ನುವ ಲೆಕ್ಕ ಹೊರಗಿನಿಂದ ನೋಡಿದಾಗಿನ ಲೆಕ್ಕ.

ಮೂರನೆಯದು ಬರೀ ಗಂಟೆಗಳ ಎಣಿಕೆ, ಇದನ್ನು ಯಾರೂ ಗಮನಿಸುವುದಿಲ್ಲ ಅನ್ನುವುದೇ ನನ್ನ ಕೊರಗು. ಜೆಫ್ರಿ ಹಾಲ್ ಅವರ ಅಧ್ಯಯನದ ಪ್ರಕಾರ ಪರಿಚಿತರೊಬ್ಬರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಗೆಳೆಯರಾಗಲು ಸುಮಾರು 90, ಆಪ್ತರಾಗಲು 200ಕ್ಕೂ ಹೆಚ್ಚು. ವಾರಕ್ಕೊಮ್ಮೆ ಒಂದೂವರೆ ಗಂಟೆ ಸೇರುವ ಸಂಘದಲ್ಲಿ 200 ಗಂಟೆ ಆಗುವುದಕ್ಕೆ 133 ವಾರ, ಅಂದರೆ ಎರಡೂವರೆ ವರ್ಷ. ಅಷ್ಟರಲ್ಲಿ ಅರ್ಧ ಜನ ಬೇರೆ ಕಡೆ ಹೋಗಿರುತ್ತಾರೆ. ಒಂದೇ ಬ್ಯಾರಕ್ಕಿನಲ್ಲಿ ಎದ್ದು, ಉಂಡು, ಮಲಗುವವರಿಗೆ ದಿನಕ್ಕೆ 16 ಗಂಟೆಯಂತೆ ಹದಿಮೂರನೇ ದಿನಕ್ಕೇ ಅದು ಮುಗಿಯುತ್ತೆ. ಒಂದು ಎಚ್ಚರಿಕೆ: ಹಾಲ್ ಅವರ ಲೆಕ್ಕದಲ್ಲಿ ಬರೀ ಕೆಲಸದ ಗಂಟೆಗಳಿಗೆ ಹೆಚ್ಚು ತೂಕ ಬರಲಿಲ್ಲ. ಹರಟೆ, ಆಟ, ಸುಮ್ಮನೆ ಜೊತೆಗೆ ಕೂತಿದ್ದು, ಇವೇ ಲೆಕ್ಕಕ್ಕೆ ಬಂದವು. ಕಚೇರಿಯಲ್ಲಿ ದಿನಕ್ಕೆ 12 ಗಂಟೆ ಪಕ್ಕಪಕ್ಕ ಕೂತವರು ಕೆಲಸ ಬಿಟ್ಟ ಮೇಲೆ ಫೋನೂ ಮಾಡದಿರುವುದಕ್ಕೆ ಇದೊಂದು ಕಾರಣ ಅಂತ ನನ್ನ ಅಂದಾಜು. ಬ್ಯಾರಕ್ಕಿನಲ್ಲಿ ಬೆಸುಗೆ ಬೀಳುವುದು ಕವಾಯತಿನಲ್ಲಿ ಅಲ್ಲ, ರಾತ್ರಿ ದೀಪ ಆರಿಸಿದ ಮೇಲಿನ ಅರ್ಧ ಗಂಟೆಯ ಪಿಸುಮಾತಿನಲ್ಲಿ.

ಹಳೆಕಂಬ:

ಅಳತೆಗೋಲು ಅವರು ಹೇಳಿದ್ದು ಸರಿ, ಆದರೆ ಅದೆಲ್ಲ ಸೇರುವವರ ಕಡೆಯ ಮಾತು. ಸಂಸ್ಥೆಯ ಕಡೆಯಿಂದ ನೋಡಿದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುತ್ತೆ. ನೂರಾರು ವರ್ಷ ಬಾಳಿದ ಸಂಸ್ಥೆಗಳು ಬಾಗಿಲನ್ನು ಹೇಗೆ ಕಟ್ಟಿದ್ದವು ನೋಡಿ.

6ನೇ ಶತಮಾನದ ಬೆನೆಡಿಕ್ಟ್ ಸಂತನ ಮಠ-ನಿಯಮದಲ್ಲಿ 58ನೇ ಅಧ್ಯಾಯ ಹೊಸಬರನ್ನು ಸೇರಿಸಿಕೊಳ್ಳುವುದರ ಬಗ್ಗೆ. ಬಂದವನಿಗೆ ಸುಲಭವಾಗಿ ಬಾಗಿಲು ತೆಗೆಯಬಾರದು. ನಾಲ್ಕೈದು ದಿನ ಬಾಗಿಲು ತಟ್ಟುತ್ತಲೇ ಇದ್ದರೆ ಒಳಗೆ ಬಿಡಬೇಕು. ಕೆಲವು ದಿನ ಅತಿಥಿಗಳ ಕೋಣೆ, ಆಮೇಲೆ ಹೊಸಬರ ಕೋಣೆ, ನೋಡಿಕೊಳ್ಳಲು ಒಬ್ಬ ಹಿರಿಯ. ಎರಡು ತಿಂಗಳಾದ ಮೇಲೆ ನಿಯಮವನ್ನು ಮೊದಲಿಂದ ಕೊನೆವರೆಗೆ ಓದಿ ಹೇಳಬೇಕು: ಪಾಲಿಸಲು ಆದರೆ ಒಳಗೆ ಬಾ, ಆಗದಿದ್ದರೆ ಧಾರಾಳವಾಗಿ ಹೋಗು. ನಿಂತರೆ ಆರು ತಿಂಗಳ ಮೇಲೆ ಮತ್ತೆ ಪೂರ್ತಿ ಓದು. ಅದಾಗಿ ನಾಲ್ಕು ತಿಂಗಳಿಗೆ ಮೂರನೇ ಸಲ. ಒಟ್ಟು 12 ತಿಂಗಳು, ಮೂರು ಓದು. ಪ್ರತಿಜ್ಞೆ ಆಮೇಲೆ.

ಅದರಲ್ಲಿ ಒಂದು ಸಣ್ಣ ವಿವರ ಇದೆ, ನನಗೆ ಬಹಳ ಮುಖ್ಯ ಅನ್ನಿಸುವುದು. ಪ್ರತಿಜ್ಞೆಯ ದಿನ ಅವನು ತೊಟ್ಟು ಬಂದ ಬಟ್ಟೆ ಕಳಚಿ ಮಠದ ಬಟ್ಟೆ ತೊಡಿಸುತ್ತಾರೆ. ಕಳಚಿದ ಬಟ್ಟೆಯನ್ನು ಎಸೆಯುವುದಿಲ್ಲ, ಬಟ್ಟೆಕೋಣೆಯಲ್ಲಿ ಇಡುತ್ತಾರೆ. ಮುಂದೆಂದಾದರೂ ಅವನು ಹೊರಡುವಂತಾದರೆ ಮಠದ ಬಟ್ಟೆ ಬಿಚ್ಚಿಸಿ ಕಳಿಸಬೇಕಲ್ಲ, ಅದಕ್ಕೆ. ಬಿಡುವುದನ್ನು ಆ ನಿಯಮ ಸೈತಾನನ ಮಾತು ಕೇಳಿದಂತೆ ಎಂದೇ ಬಗೆಯುತ್ತೆ. ಆದರೂ ಅವನ ಹಳೇ ಅಂಗಿಗೆ ಒಂದು ಗೂಟ ಇಟ್ಟಿದೆ.

ಬೌದ್ಧ ವಿನಯವನ್ನು, ಅಂದರೆ ಭಿಕ್ಷುಗಳ ನಿಯಮವನ್ನು ನೋಡಿ. ಬೇರೆ ಪಂಥದಿಂದ ಬಂದವನಿಗೆ ನಾಲ್ಕು ತಿಂಗಳ ಪರೀಕ್ಷಾಕಾಲ. ಉಪಸಂಪದೆ (ಪೂರ್ಣ ಭಿಕ್ಷುದೀಕ್ಷೆ) ಆದ ಮೇಲೂ ಕನಿಷ್ಠ ಐದು ವರ್ಷ ಗುರುವಿನ ಆಶ್ರಯದಲ್ಲೇ ಇರಬೇಕು. ಬಿಡುವುದಕ್ಕೋ, ಸ್ಥಿರಬುದ್ಧಿಯಿಂದ, ಅರ್ಥಮಾಡಿಕೊಳ್ಳಬಲ್ಲ ಒಬ್ಬರ ಮುಂದೆ "ಶಿಕ್ಷೆಯನ್ನು (ಇಲ್ಲಿ ಭಿಕ್ಷುವಿನ ತರಬೇತಿ ಎಂಬರ್ಥ) ಬಿಟ್ಟೆ" ಎಂದು ಸ್ಪಷ್ಟವಾಗಿ ಹೇಳಿದರೆ ಮುಗಿಯಿತು. ಘೋರ ಅಪರಾಧ ಮಾಡಿರದಿದ್ದರೆ ಭಿಕ್ಷುವಾಗಿದ್ದವನು ಮತ್ತೆ ಬಂದು ದೀಕ್ಷೆ ತೆಗೆದುಕೊಳ್ಳಬಹುದು.

ಇವೆರಡರಲ್ಲೂ ಒಳಗೆ ಬರುವುದು ನಿಧಾನ, ಕಷ್ಟ. ಷರತ್ತುಗಳೆಲ್ಲ ಮೊದಲೇ ಬಾಯಿಬಿಟ್ಟು ಹೇಳಿದ್ದು. ಹೊರಗೆ ಹೋಗುವ ದಾರಿ ಬರೆದಿಟ್ಟದ್ದು. ನುಂಗುವ ಗುಂಪುಗಳಲ್ಲಿ ಇದು ಪೂರಾ ತಿರುಗುಮುರುಗು: ಬರುವುದು ಬಲು ಸಲೀಸು, ಮೊದಲ ದಿನವೇ ಅಪ್ಪುಗೆ, ಷರತ್ತು ಒಂದೊಂದಾಗಿ ಆಮೇಲೆ ಬಿಚ್ಚಿಕೊಳ್ಳುತ್ತೆ, ಹೊರಡುವ ದಾರಿಯ ಬಗ್ಗೆ ಮಾತೇ ಇಲ್ಲ. ಗುಂಪು ಎಷ್ಟು ಕೇಳುತ್ತೆ ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಎರಡೂ ಬಾಗಿಲು ನೋಡಿ.

ಗುಂಪು ಉಳಿಯುವುದರ ಬಗ್ಗೆಯೂ ಒಂದು ಮಾತು. ರೊಸಬೆತ್ ಮಾಸ್ ಕ್ಯಾಂಟರ್ 19ನೇ ಶತಮಾನದ ಅಮೆರಿಕದ ಆದರ್ಶ-ಸಮುದಾಯಗಳಲ್ಲಿ 30ನ್ನು ಹೋಲಿಸಿದರು (1972). 9 ಮಾತ್ರ 25 ವರ್ಷಕ್ಕಿಂತ ಹೆಚ್ಚು ಬಾಳಿದ್ದವು. ತ್ಯಾಗ, ಆಸ್ತಿಯನ್ನು ಒಟ್ಟಿಗೆ ಹಾಕುವುದು, ಹೊರಗಿನ ನಂಟು ಬಿಡುವುದು, ಒಟ್ಟಿಗೆ ಆಚರಣೆ, ಅಹಂ ಕಳಚುವುದು, ತಮಗಿಂತ ದೊಡ್ಡದೊಂದರಲ್ಲಿ ನಂಬಿಕೆ: ಈ ಆರೂ ಬಗೆಯ ಪಟ್ಟು ಬಾಳಿದವುಗಳಲ್ಲಿ ಹೆಚ್ಚು. ಆದರೆ 2003ರಲ್ಲಿ ಸೋಸಿಸ್ ಮತ್ತು ಬ್ರೆಸ್ಲರ್ ಅದೇ ಕಾಲದ 83 ಸಮುದಾಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಒಂದು ತಿರುವು ಸಿಕ್ಕಿತು. ಧಾರ್ಮಿಕ ಸಮುದಾಯಗಳಲ್ಲಿ ಕಷ್ಟದ ನಿಯಮ ಹೆಚ್ಚಿದಷ್ಟೂ ಆಯುಷ್ಯ ಹೆಚ್ಚು. ಲೌಕಿಕ ಸಮುದಾಯಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಪವಿತ್ರವೆಂದು ನಂಬಿದ ನಿಯಮವನ್ನು ಯಾರೂ ದಿನಾ ತೂಗಿ ನೋಡುವುದಿಲ್ಲ. ಲೌಕಿಕ ನಿಯಮವನ್ನು "ಇದರಿಂದೇನು ಪ್ರಯೋಜನ" ಅಂತ ಪ್ರತಿ ಬೆಳಗ್ಗೆ ಕೇಳಿಕೊಳ್ಳುತ್ತಾರೆ. ಬಿಗಿ ಮಾಡಿದರೆ ಜನ ಅಂಟಿಕೊಳ್ಳುತ್ತಾರೆ ಅಂದುಕೊಂಡು ಕಂಪನಿ, ಕ್ಲಬ್ಬುಗಳಲ್ಲಿ ಸುಮ್ಮಸುಮ್ಮನೆ ನಿಯಮ ಹೇರುವವರು ಇದನ್ನು ಓದಿಕೊಳ್ಳಬೇಕು.

ಬಳ್ಳಿ:

ಒಂದು ಆಕ್ಷೇಪಣೆ. ಅಳತೆಗೋಲು ಅವರ 1959ರ ಪ್ರಯೋಗವನ್ನು ರ‍್ಯಾಗಿಂಗ್ ಸಮರ್ಥಿಸುವವರು ದಿನಾ ಎತ್ತಿ ತೋರಿಸುತ್ತಾರೆ. ಹಾಗಾಗಿ ಅದರ ಮಿತಿಯನ್ನೂ ಅಲ್ಲೇ ಹೇಳಬೇಕಿತ್ತು.

1966ರಲ್ಲಿ ಜೆರಾರ್ಡ್ ಮತ್ತು ಮ್ಯಾಥ್ಯೂಸನ್ ಅದನ್ನೇ ವಿದ್ಯುತ್ ಶಾಕ್ ಕೊಟ್ಟು ಮಾಡಿದರು. ಶಾಕ್ ಅನ್ನುವುದು ಗುಂಪಿಗೆ ಸೇರುವ ಶರತ್ತು ಅಂತ ಹೇಳಿದವರಲ್ಲಿ, ಹೆಚ್ಚು ನೋವು ತಿಂದವರಿಗೆ ಗುಂಪು ಹೆಚ್ಚು ಇಷ್ಟವಾಯಿತು. ಅದೇ ಶಾಕನ್ನು ಬೇರೆ ನೆಪದಲ್ಲಿ ಕೊಟ್ಟಾಗ ಹಾಗಾಗಲಿಲ್ಲ. ಅಂದರೆ ನೋವಿಗೆ ತಾನಾಗಿ ಬೆಸೆಯುವ ಶಕ್ತಿ ಏನೂ ಇಲ್ಲ. ತಾನೇ ಆರಿಸಿಕೊಂಡದ್ದು ಅನ್ನುವ ಭಾವನೆ ಇದ್ದರೆ ಮಾತ್ರ ಮನಸ್ಸು ಸಮಜಾಯಿಷಿ ಹುಡುಕುತ್ತೆ. ಬೇರೆ ದಾರಿ ಇಲ್ಲದೆ ಸಹಿಸಿದವರಿಗೆ ಉಳಿಯುವುದು ಸಿಟ್ಟು. ಅಲ್ಲದೆ ಪ್ರಯೋಗದಲ್ಲಿ ಅಳೆದದ್ದು ಹೊಸಬರಿಗೆ ಗುಂಪಿನ ಮೇಲೆ ಬಂದ ಒಲವನ್ನು. ಗುಂಪಿಗೆ ಹೊಸಬರ ಮೇಲೆ ಕಾಳಜಿ ಹುಟ್ಟಿತು ಅಂತ ಎಲ್ಲೂ ಇಲ್ಲ. ಬೌಮೈಸ್ಟರ್-ಲಿಯರಿ ಹೇಳಿದ ಎರಡನೇ ಭಾಗ ಅದೇ ತಾನೆ?

ಕಷ್ಟದಲ್ಲೂ ಎರಡು ಜಾತಿ. ಭಾರ ಹೊತ್ತು 20 ಕಿಲೋಮೀಟರ್ ನಡೆಸುವ ತರಬೇತಿಯಲ್ಲಿ ಕಾಲು ಗಟ್ಟಿಯಾಗುತ್ತೆ, ಸುಸ್ತಾದವನ ಚೀಲವನ್ನು ಪಕ್ಕದವನು ಹೊರುತ್ತಾನೆ, ಮುಂದೆ ನಡೆಸುವ ಅಧಿಕಾರಿಯೂ ಅದೇ ದಾರಿ ನಡೆಯುತ್ತಾನೆ. ಹಿರಿಯರ ಮುಂದೆ ಮಂಡಿಯೂರಿಸುವುದರಲ್ಲಿ ಇದ್ಯಾವುದೂ ಇಲ್ಲ. ಅದರಿಂದ ಒಂದು ಸರಪಳಿ ಮಾತ್ರ ಮುಂದುವರಿಯುತ್ತೆ: ಅನುಭವಿಸಿದವನು ತನ್ನ ಅವಮಾನಕ್ಕೆ ಅರ್ಥ ಹಚ್ಚಲು ಮುಂದಿನವನಿಗೂ ಅದನ್ನೇ ಮಾಡುತ್ತಾನೆ.

1948ರಲ್ಲಿ ಶಿಲ್ಸ್ ಮತ್ತು ಜಾನೊವಿಟ್ಸ್, ಎರಡನೇ ಮಹಾಯುದ್ಧದ ಕೊನೆಗೆ ಸೋಲು ಖಚಿತವಾದರೂ ಜರ್ಮನ್ ಸೈನಿಕರು ಯಾಕೆ ಹೋರಾಡುತ್ತಲೇ ಇದ್ದರು ಅಂತ ಪರಿಶೀಲಿಸಿದರು. ಸಿದ್ಧಾಂತಕ್ಕಿಂತ ಹೆಚ್ಚಾಗಿ ಅವರನ್ನು ಹಿಡಿದಿಟ್ಟದ್ದು ತಮ್ಮ ಸಣ್ಣ ತುಕಡಿ: ಅನ್ನ, ಕಾವಲು, ಪ್ರೀತಿ ಎಲ್ಲ ಅಲ್ಲಿಂದಲೇ. ಆ ತುಕಡಿ ಚದುರಿದ ಕಡೆ ಶರಣಾಗತಿ ಶುರುವಾಯಿತು. ಬಂಧ ಎಷ್ಟು ಗಟ್ಟಿ ಅನ್ನುವುದು ಆ ಬಂಧ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಅನ್ನುವುದನ್ನು ಹೇಳುವುದಿಲ್ಲ. ದಯವಿಟ್ಟು ಇದನ್ನು ಮರೆಯಬೇಡಿ.

ಅಳತೆಗೋಲು:

ಬಳ್ಳಿ ಅವರೇ, ಒಪ್ಪಿದೆ. ಮಿತಿಯನ್ನು ಜೊತೆಗೇ ಬರೆಯಬೇಕಿತ್ತು.

ಹೊಸಿಲು:

ಬಹಳ ಉಪಕಾರ. ಹಳೆಕಂಬ ಅವರ "ಎರಡೂ ಬಾಗಿಲು ನೋಡಿ" ಅನ್ನುವುದು ತಲೆಗೆ ಹೊಕ್ಕಿತು. ಆದರೆ ಹೊಸದಾಗಿ ಸೇರುವವರಿಗೆ ಹೊರಡುವ ಬಾಗಿಲು ಕಾಣುವುದೇ ಇಲ್ಲವಲ್ಲ? ಏನನ್ನು, ಯಾವಾಗ, ಹೇಗೆ ನೋಡಬೇಕು? ಮತ್ತೆ, ಹಿಂಸೆ ಕೊಟ್ಟ ಗುಂಪನ್ನು ಬಿಟ್ಟವರೂ ಆಮೇಲೆ ಅದಕ್ಕಾಗಿ ಹಂಬಲಿಸುವುದು ಯಾಕೆ?

ಕೀಲಿಕೈ:

ಮೊದಲು ಒಂದು ಭಯ ಕಳೆಯಬೇಕು. "ಹೋದವರೆಲ್ಲ ಸಿಕ್ಕಿಬೀಳುತ್ತಾರೆ" ಅನ್ನುವುದು ಸುಳ್ಳು. ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ 1979ರಲ್ಲಿ ಯೂನಿಫಿಕೇಶನ್ ಚರ್ಚು (ಕೊರಿಯಾದಲ್ಲಿ ಹುಟ್ಟಿದ ಹೊಸ ಧಾರ್ಮಿಕ ಪಂಥ) ಲಂಡನ್ ಭಾಗದಲ್ಲಿ ನಡೆಸಿದ ಶಿಬಿರಗಳಿಗೆ ಹೋದ ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದರು. ಸುಮಾರು ಶೇ 90 ಮಂದಿ ಸೇರಲೇ ಇಲ್ಲ. ಸೇರಿದವರಲ್ಲೂ ಬಹಳಷ್ಟು ಜನ ಕೆಲ ಕಾಲಕ್ಕೆ ತಾವಾಗಿಯೇ ಬಿಟ್ಟರು. ಬ್ರೈನ್‌ವಾಶ್ ಅನ್ನುವ ಪದ ಯಾಕೆ ಕೆಲಸಕ್ಕೆ ಬಾರದು ಅಂತ ಇದರಿಂದ ತಿಳಿಯುತ್ತೆ. ಯಾರು ಉಳಿಯುತ್ತಾರೆ ಅನ್ನುವುದಕ್ಕೆ ಲಾಫ್ಲಂಡ್ ಮತ್ತು ಸ್ಟಾರ್ಕ್ 1965ರಲ್ಲಿ ಕೊಟ್ಟ ಸುಳಿವು ಇವತ್ತಿಗೂ ನಿಲ್ಲುತ್ತೆ: ಒಳಗಿನವರ ಜೊತೆ ಸ್ನೇಹ ಬಲಿಯುತ್ತಾ ಹೊರಗಿನ ನಂಟು ಸಡಿಲವಾದರೆ ಅವರು ಉಳಿಯುತ್ತಾರೆ. ಬೋಧನೆ ತಲೆಗೆ ಏರುವುದು ಹೆಚ್ಚಾಗಿ ಆಮೇಲೆ. ಆದ್ದರಿಂದ ಕಣ್ಣಿಡಬೇಕಾದದ್ದು ಅವರು ಏನು ನಂಬುತ್ತಾರೆ ಅನ್ನುವುದರ ಮೇಲೆ ಅಲ್ಲ, ಹೊರಗಿನ ನಂಟಿನ ಮೇಲೆ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಇಲ್ಲಿಂದ ಬಿಟ್ಟು ಹೋದವರು ಈಗೇನು ಮಾಡುತ್ತಿದ್ದಾರೆ?" ಉತ್ತರಕ್ಕಿಂತ ಉತ್ತರಿಸುವ ರೀತಿ ನೋಡಿ. ಹೆಸರು ಹಿಡಿದು, ಸಹಜವಾಗಿ, "ಅವರಿಗೆ ಇದು ಹೊಂದಲಿಲ್ಲ, ಆಗಾಗ ಸಿಗುತ್ತಾರೆ" ಅಂದರೆ ಒಳ್ಳೆಯದು. ಬಿಟ್ಟವರೆಲ್ಲ ದುರ್ಬಲರು, ದ್ರೋಹಿಗಳು, ಕೆಟ್ಟುಹೋದರು ಅಂದರೆ ನಾಳೆ ನಿಮ್ಮ ಬಗ್ಗೆ ಹೇಳುವುದೂ ಅದನ್ನೇ. ಬಿಟ್ಟವರೇ ಇಲ್ಲ ಅಂದರೆ ಇನ್ನೂ ಜೋಪಾನ. ಸಾಧ್ಯವಾದರೆ ಬಿಟ್ಟವರಲ್ಲಿ ಮೂವರನ್ನು ಹುಡುಕಿ ಮಾತಾಡಿ. ಒಬ್ಬರ ಮಾತಿಗೆ ಕಹಿ ಬೆರೆತಿರಬಹುದು, ಮೂವರಲ್ಲೂ ಸಮಾನವಾಗಿ ಬಂದ ವಿವರವನ್ನು ನಂಬಬಹುದು.

ಎರಡನೆಯದಾಗಿ ಷರತ್ತುಗಳನ್ನು ಬರಹದಲ್ಲಿ ಕೇಳಿ: ವಾರಕ್ಕೆ ಎಷ್ಟು ಗಂಟೆ, ಎಷ್ಟು ಹಣ, ಎಷ್ಟು ವರ್ಷ, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತೆ. ಸೈನ್ಯದಂಥ ಕಡು ಶಿಸ್ತಿನ ಸಂಸ್ಥೆಯೂ ಸೇವೆಯ ಅವಧಿಯನ್ನು ಕಾಗದದ ಮೇಲೆ ಕೊಡುತ್ತೆ. "ಮೊದಲು ಬನ್ನಿ, ಆಮೇಲೆ ತಾನಾಗಿ ಗೊತ್ತಾಗುತ್ತೆ" ಅನ್ನುವವರಿಗೆ ಷರತ್ತು ಇಲ್ಲ ಅಂತಲ್ಲ, ಈಗಲೇ ಹೇಳಿದರೆ ನೀವು ಬರುವುದಿಲ್ಲ ಅಂತ.

ಮೂರನೆಯದು ಒಳಗೆ ಬಂದ ಮೇಲೆ. ಸೇರುವ ದಿನ ಒಂದು ಕಾಗದದಲ್ಲಿ ಬರೆದಿಡಿ: ಕಳೆದ ತಿಂಗಳು ಗುಂಪಿನ ಹೊರಗಿನ ಯಾರನ್ನೆಲ್ಲ ಭೇಟಿಯಾದೆ, ರಾತ್ರಿ ಎಷ್ಟು ಗಂಟೆ ಮಲಗುತ್ತೇನೆ, ಕೈಯಲ್ಲಿ ಎಷ್ಟು ಹಣವಿದೆ, ಯಾವ ಮಿತಿ ಮೀರಿದರೆ ಹೊರಡುತ್ತೇನೆ. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು ಹೋಲಿಸಿ. ಇದು ಯಾಕೆ ಬೇಕು ಅಂದರೆ ಬೇಡಿಕೆ ಬೆಳೆಯುವುದು ಗೇಣು ಗೇಣಾಗಿ. ವಾರಕ್ಕೊಂದು ಸಂಜೆ ಇದ್ದದ್ದು ಎರಡಾದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ, ಹೋಲಿಕೆ ನಿನ್ನೆಯ ಜೊತೆಗೇ ನಡೆಯುತ್ತಿರುತ್ತೆ. ಕಾಗದ ಮಾತ್ರ ಮೊದಲ ದಿನದ ಜೊತೆ ಹೋಲಿಸುತ್ತೆ. ಬೆನೆಡಿಕ್ಟ್ ನಿಯಮದ ಮೂರು ಓದು ಮಾಡುವುದೂ ಇದನ್ನೇ, ಅಲ್ಲಿ ಸಂಸ್ಥೆಯೇ ಮಾಡಿಸುತ್ತೆ. ನಿಮ್ಮ ಸಂಸ್ಥೆ ಮಾಡಿಸದಿದ್ದರೆ ನೀವೇ ಮಾಡಿಕೊಳ್ಳಬೇಕು.

ನಾಲ್ಕು ವಸ್ತು ಎಂದಿಗೂ ಒಟ್ಟಿಗೆ ಒಬ್ಬರ ಕೈಗೆ ಕೊಡಬಾರದು: ಗುರುತಿನ ದಾಖಲೆಗಳು, ಬ್ಯಾಂಕ್ ಖಾತೆ, ತಲೆ ಮೇಲಿನ ಸೂರು, ಜೀವನೋಪಾಯ. ಇವುಗಳಲ್ಲಿ ಒಂದೆರಡು ಗುಂಪಿನ ಕೈಯಲ್ಲಿದ್ದರೆ ಪರವಾಗಿಲ್ಲ. ನಾಲ್ಕೂ ಅಲ್ಲೇ ಇದ್ದರೆ ಮನಸ್ಸು ಬದಲಾದರೂ ಕಾಲು ಹೊರಡುವುದಿಲ್ಲ. ಮೂರು ತಿಂಗಳ ಖರ್ಚಿಗಾಗುವಷ್ಟು ಹಣ ಗುಂಪಿನವರ ಕೈಗೆ ಎಟುಕದ ಕಡೆ ಇರಲಿ.

ಮನೆಯವರು ಮಾಡುವ ದೊಡ್ಡ ತಪ್ಪು ನಂಬಿಕೆಯ ಮೇಲೆ ವಾದ ಹೂಡುವುದು. ವಾದಕ್ಕೆ ಗುಂಪಿನಲ್ಲಿ ತಾಲೀಮು ಆಗಿರುತ್ತೆ, ಹೊರಗಿನವರು ಹೀಗೇ ಹೀಯಾಳಿಸುತ್ತಾರೆ ಅಂತ ಮೊದಲೇ ಹೇಳಿರುತ್ತಾರೆ. ನೀವು ಹೀಯಾಳಿಸಿದ ಕ್ಷಣ ಅವರ ಮಾತು ನಿಜವಾಗುತ್ತೆ. ಎರಡನೇ ತಪ್ಪು "ಅದನ್ನು ಬಿಡು, ಇಲ್ಲವೇ ನಮ್ಮನ್ನು ಬಿಡು" ಅನ್ನುವುದು. ಹೊರಗಿನ ಕೊನೆಯ ಎಳೆಯನ್ನು ನಿಮ್ಮ ಕೈಯಾರೆ ಹರಿದಂತೆ. ಅದರ ಬದಲು ನಿಗದಿತ ದಿನ ಫೋನ್ ಮಾಡಿ, ನಿದ್ದೆ, ಊಟ, ಹಲ್ಲುನೋವು, ಅಜ್ಜಿಯ ಆರೋಗ್ಯ ಅಂತ ಸಾಮಾನ್ಯ ಮಾತಾಡಿ. ಅನುಮಾನ ಹುಟ್ಟಿದ ದಿನ ಮನುಷ್ಯ ಹೋಗುವುದು ತನ್ನನ್ನು ಗೆದ್ದವರ ಹತ್ತಿರ ಅಲ್ಲ, ಬಾಗಿಲು ತೆರೆದಿಟ್ಟವರ ಹತ್ತಿರ.

ಹಂಬಲದ ಪ್ರಶ್ನೆಗೆ: ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಈಬಾ 1988ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಸನ್ಯಾಸಿನಿಯರು, ವೈದ್ಯರು, ಪೊಲೀಸರು, ವಿಚ್ಛೇದಿತರು ಹೀಗೆ ಒಂದು ಪಾತ್ರವನ್ನು ಬಿಟ್ಟು ಬಂದ 185 ಜನರನ್ನು ಮಾತಾಡಿಸಿದರು. ಮೊದಲ ಅನುಮಾನ, ಬೇರೆ ದಾರಿಯ ತಲಾಶು, ಒಂದು ತಿರುವಿನ ಗಳಿಗೆ, ಆಮೇಲೆ "ಮಾಜಿ" ಅನ್ನುವ ಹೊಸ ಗುರುತನ್ನು ಕಟ್ಟಿಕೊಳ್ಳುವುದು ಅಂತ ನಾಲ್ಕು ಘಟ್ಟ. ಮೂರು ಮತ್ತು ನಾಲ್ಕರ ನಡುವೆ ಗಾಳಿಯಲ್ಲಿ ತೇಲಿದಂಥ ಒಂದು ಕಾಲ ಬರುತ್ತೆ. ಹಂಬಲ ಅಲ್ಲೇ. ಅವರು ಹಿಂಸೆಗೆ ಹಂಬಲಿಸುತ್ತಿಲ್ಲ. ಬೆಳಗ್ಗೆ ಎದ್ದು ಏನು ಮಾಡಬೇಕೆಂದು ಗೊತ್ತಿದ್ದ ವೇಳಾಪಟ್ಟಿ, ಅರ್ಧ ಮಾತಿಗೇ ಅರ್ಥವಾಗುತ್ತಿದ್ದ ಒಳನುಡಿ, ತನ್ನ ಗೈರುಹಾಜರಿಯನ್ನು ಯಾರೋ ಗಮನಿಸುತ್ತಿದ್ದರು ಅನ್ನುವುದು, ಇವು ಮೂರೂ ಒಂದೇ ದಿನ ಹೋಗಿರುತ್ತವೆ. ಹಾಗಾಗಿ ಬಿಟ್ಟ ಮೊದಲ ವಾರದಲ್ಲಿ ಬದುಕಿನ ಅರ್ಥ ಹುಡುಕಲು ಕೂರಬಾರದು. ಏಳುವ ಹೊತ್ತು, ಉಣ್ಣುವ ಹೊತ್ತು, ವಾರದಲ್ಲಿ ಎರಡು ದಿನ ಯಾರಾದರೂ ಕಾಯುತ್ತಿರುವ ಒಂದು ಜಾಗ, ಇಷ್ಟನ್ನು ಮೊದಲು ನಿಲ್ಲಿಸಿಕೊಳ್ಳಬೇಕು.

ಹಳೆಕಂಬ:

ಕೀಲಿಕೈ ಅವರ "ನಾಲ್ಕು ವಸ್ತು"ಗೆ ಒಂದು ಮಾತು ಸೇರಿಸುತ್ತೇನೆ. ಗೋಡೆ ಇಲ್ಲದ ಸಂಸ್ಥೆಗಳಲ್ಲಿ ಹೆಚ್ಚು ಎಚ್ಚರ ಬೇಕು. ಸಮಾಜಶಾಸ್ತ್ರಜ್ಞ ಗಾಫ್ಮನ್ 1961ರಲ್ಲಿ ಬರೆದದ್ದು ಬೇಲಿ ಬೀಗ ಇರುವ "ಸಮಗ್ರ ಸಂಸ್ಥೆ"ಗಳ ಬಗ್ಗೆ: ಹುಚ್ಚಾಸ್ಪತ್ರೆ, ಜೈಲು, ಬ್ಯಾರಕ್. ಲೂಯಿಸ್ ಕೋಸರ್ 1974ರಲ್ಲಿ ತೋರಿಸಿದ್ದು "ಹೊಟ್ಟೆಬಾಕ ಸಂಸ್ಥೆ"ಗಳನ್ನು. ಅಲ್ಲಿ ಬೀಗ ಇಲ್ಲ, ಸ್ವಂತ ಇಚ್ಛೆಯಿಂದ ಬಂದವರನ್ನೇ ಅವು ಪೂರ್ತಿ ಕೇಳುತ್ತವೆ. ಎರಡು ಕಡೆ ನಿಷ್ಠೆ ಇರಬಾರದು ಅನ್ನುವುದೇ ಅವುಗಳ ನಿಯಮ. ಕಂಪನಿ, ಚಳವಳಿ, ಕೆಲವೊಮ್ಮೆ ಕುಟುಂಬ ಕೂಡ ಹೀಗಾಗಬಹುದು. ಬೀಗ ಇಲ್ಲದ್ದರಿಂದ "ನಾನೇ ಬಯಸಿ ಇದ್ದೇನೆ" ಅನ್ನಿಸುತ್ತೆ. ಬಳ್ಳಿ ಅವರು ಹೇಳಿದ ಸಮಜಾಯಿಷಿ ಅಲ್ಲೇ ಜೋರಾಗಿ ಕೆಲಸ ಮಾಡುವುದು.

ಹತ್ತುಜನ:

ಎಲ್ಲರೂ ಅಪಾಯದ ಕಡೆಯೇ ಬರೆದಿದ್ದೀರಿ. ಈ ಹಸಿವು ನಿಜವಾದದ್ದು ಅಂದಮೇಲೆ ಅದಕ್ಕೆ ಒಳ್ಳೆಯ ಅನ್ನ ಬಡಿಸುವುದು ಹೇಗೆ ಅಂತಲೂ ಹೇಳಬೇಕು. 2010ರಲ್ಲಿ ಹೋಲ್ಟ್-ಲುನ್‌ಸ್ಟಾಡ್ ತಂಡ 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿ ಸಂಬಂಧಗಳಿದ್ದವರು ಅಧ್ಯಯನದ ಕಾಲಾವಧಿಯಲ್ಲಿ ಬದುಕುಳಿಯುವ ಸಂಭವ ಶೇ 50ರಷ್ಟು ಹೆಚ್ಚಿತ್ತು. ನುಂಗುವ ಗುಂಪುಗಳು ಬೆಳೆಯುವುದು ಹದವಾಗಿ ಕೇಳುವ ಗುಂಪುಗಳು ಸುತ್ತಮುತ್ತ ಇಲ್ಲದಾಗ.

ಗುಂಪು ಕಟ್ಟುವವರಿಗೆ, ಅದು ಓದುವ ಬಳಗವಿರಲಿ, ಚಾರಣದ ತಂಡವಿರಲಿ, ಇಷ್ಟು ಹೇಳಬಲ್ಲೆ.

ಗಾತ್ರ ಚಿಕ್ಕದಿರಲಿ. 10 ಜನರಲ್ಲಿ 45 ಜೋಡಿ ಸಂಬಂಧ. 30 ಜನರಲ್ಲಿ 435. 45ನ್ನು ಒಂದು ವರ್ಷದಲ್ಲಿ ಬೆಸೆಯಬಹುದು, 435ನ್ನು ಆಗುವುದಿಲ್ಲ. ಸೈನ್ಯದ ಅತಿ ಸಣ್ಣ ತುಕಡಿ ಸುಮಾರು 8ರಿಂದ 12 ಜನರದ್ದೇ ಇರುವುದು ಸುಮ್ಮನೆ ಅಲ್ಲ. ದೊಡ್ಡದಾದರೆ ಒಡೆದು ಎರಡು ಮಾಡಿ, ತಿಂಗಳಿಗೊಮ್ಮೆ ಎಲ್ಲರೂ ಸೇರಿ.

ದಿನ, ಹೊತ್ತು ಬದಲಾಗಬಾರದು. ಪ್ರತಿ ಸಲ "ಯಾವತ್ತು ಎಲ್ಲರಿಗೂ ಆಗುತ್ತೆ" ಅಂತ ಕೇಳುವ ಗುಂಪು ಆರು ತಿಂಗಳು ಬಾಳುವುದಿಲ್ಲ. ಇಬ್ಬರೇ ಬಂದರೂ ನಡೆಸಿ.

ಹೊಸಬರಿಗೆ ಎರಡನೇ ಮೂರನೇ ಭೇಟಿಯಲ್ಲೇ ಒಂದು ಕೆಲಸ ಕೊಡಿ. ಕುರ್ಚಿ ಹಾಕುವುದು, ಬೀಗದ ಕೈ ಇಟ್ಟುಕೊಳ್ಳುವುದು, ಮುಂದಿನ ಸಲದ ನೆನಪೋಲೆ ಕಳಿಸುವುದು. ಕೆಲಸ ನಿಜವಾಗಿರಬೇಕು, ಅವರು ಮಾಡದಿದ್ದರೆ ಏನಾದರೂ ಕೆಡಬೇಕು. ಎಲ್ಲವನ್ನೂ ತಾವೇ ಮಾಡಿ ಹೊಸಬರನ್ನು ಅತಿಥಿಯಂತೆ ಕೂರಿಸುವುದು ಉದಾರತೆ ಅನ್ನಿಸುತ್ತೆ, ಆದರೆ ಅತಿಥಿಗಳು ಎದ್ದು ಹೋಗುತ್ತಾರೆ. 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಇದನ್ನು ಚೆನ್ನಾಗಿ ಬಲ್ಲದು. ಸೇರಲು ಒಂದೇ ಷರತ್ತು, ಕುಡಿತ ಬಿಡುವ ಇಚ್ಛೆ. ಚಂದಾ ಇಲ್ಲ. ಬಿಟ್ಟು ಹೋದವರು ಮತ್ತೆ ಬಂದರೆ ಅದೇ ಕುರ್ಚಿ. ಒಳಗೆ ಮಾತ್ರ ಕೇಳುವುದು ಬಹಳ: 12 ಹೆಜ್ಜೆ, ತಾನು ನೋಯಿಸಿದವರ ಹತ್ತಿರ ಹೋಗಿ ಸರಿಪಡಿಸಿಕೊಳ್ಳುವುದು, ತನ್ನಂಥ ಇನ್ನೊಬ್ಬರ ಕೈ ಹಿಡಿಯುವುದು. ಹಳೆಕಂಬ ಅವರು ಹೇಳಿದ ಮಠಗಳಿಗಿಂತ ಬೇರೆ ಮಾದರಿ ಇದು. ಒಳಬಾಗಿಲೂ ಸಲೀಸು, ಹೊರಬಾಗಿಲೂ ಸಲೀಸು, ನಡುವಿನ ದಾರಿ ಮಾತ್ರ ಕಡಿದು.

ಗೈರುಹಾಜರಿಗೆ ಒಂದು ಪದ್ಧತಿ ಇರಲಿ. ಒಂದು ಸಲ ಬರದಿದ್ದರೆ ಸುಮ್ಮನಿರಿ. ಎರಡನೇ ಸಲಕ್ಕೆ ಒಬ್ಬರು, ಒಬ್ಬರೇ, ಫೋನ್ ಮಾಡಲಿ. "ಯಾಕೆ ಬರಲಿಲ್ಲ" ಅನ್ನಬಾರದು, "ಆರಾಮಿದ್ದೀರಾ" ಅನ್ನಬೇಕು. ಐದು ಜನ ಫೋನ್ ಮಾಡಿದರೆ ಅದು ಹಾಜರಿ ತೆಗೆದಂತೆ. ಯಾರೂ ಮಾಡದಿದ್ದರೆ ವಿಲಿಯಮ್ಸ್ ಅವರ ಚೆಂಡು ಬರುವುದು ನಿಂತಂತೆ.

ಯಾರಾದರೂ ಬಿಡುತ್ತೇನೆ ಅಂದಾಗ ಕೊನೆಯ ಭೇಟಿಗೆ ಕರೆದು, ಅವರು ಮಾಡಿದ ಕೆಲಸವನ್ನು ಎಲ್ಲರ ಮುಂದೆ ಹೆಸರಿಸಿ ಬೀಳ್ಕೊಡಿ. ಮುಂದಿನ ವರ್ಷದ ದಿನಾಂಕಗಳನ್ನು ಅವರಿಗೂ ಕಳಿಸಿ.

ಹೊಸಿಲು:

ಬಿಡುವವರಿಗೆ ದಿನಾಂಕ ಕಳಿಸಿದರೆ ಒತ್ತಡ ಹಾಕಿದಂತೆ ಆಗಲ್ವಾ?

ಹತ್ತುಜನ:

ಒಂದೇ ಸಲ ಕಳಿಸಿ. ಉತ್ತರ ಬರದಿದ್ದರೆ ಮತ್ತೆ ಕೇಳಬೇಡಿ, ಪಟ್ಟಿಯಿಂದ ಹೆಸರು ತೆಗೆಯಿರಿ ಅಂದರೆ ಅದೇ ದಿನ ತೆಗೆಯಿರಿ. ವರ್ಷದ ಮೇಲೆ ತಾವಾಗಿ ಬಂದರೆ "ಎಲ್ಲಿ ಹೋಗಿದ್ರಿ ಇಷ್ಟು ದಿನ" ಅಂತ ಕೇಳದೆ ಕುರ್ಚಿ ಸರಿಸಿಕೊಡಿ.